ಮುಳುಗಿದ್ದಾಗ ಚೆನ್ನಾಗಿತ್ತು

1967ರ ನವೆಂಬರಿನಲ್ಲಿ ಅಮೆರಿಕದ ಮಿಶಿಗನ್ ಸರೋವರಕ್ಕೆ ಸೇರಿದ ಗ್ರೀನ್ ಬೇ ಎಂಬ ಕೊಲ್ಲಿಯಲ್ಲಿ ಮೀನುಗಾರನೊಬ್ಬನ ಬಲೆ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತು. ಬಲೆ ಎಂದರೆ ದುಡ್ಡು. ಕೊಯ್ದು ಬಿಟ್ಟು ಬರಲು ಯಾವ ಮೀನುಗಾರನಿಗೂ ಮನಸ್ಸಾಗುವುದಿಲ್ಲ. ಫ್ರಾಂಕ್ ಹಾಫ್‌ಮನ್ ಎಂಬ ಮುಳುಗುಗಾರನನ್ನು ಕರೆಸಿದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಮೈ ಮರಗಟ್ಟಿಸುವ ನೀರಿನಲ್ಲಿ ಸುಮಾರು 110 ಅಡಿ ಇಳಿದ ಹಾಫ್‌ಮನ್‌ಗೆ ಕಂಡದ್ದು ಬಂಡೆಯಲ್ಲ, ಬಿದ್ದ ಮರವೂ ಅಲ್ಲ. ಒಂದು ಇಡೀ ಹಾಯಿಹಡಗು, ಕಂಬಗಳ ಸಮೇತ, ಯಾರೋ ಬಂದರಿನಲ್ಲಿ ನಿಲ್ಲಿಸಿ ಊಟಕ್ಕೆ ಹೋದಂತೆ ನೆಟ್ಟಗೆ ನಿಂತಿತ್ತು.

ಹಡಗಿನ ಹೆಸರು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಅದು ‘ಆಲ್ವಿನ್ ಕ್ಲಾರ್ಕ್’. 1846ರಲ್ಲಿ ಕಟ್ಟಿದ್ದು, 1864ರ ಜೂನಿನಲ್ಲಿ ಒಂದು ಬಿರುಗಾಳಿಗೆ ಸಿಕ್ಕಿ ಮುಳುಗಿದ್ದು. ಸರಕಿಲ್ಲದೆ ಖಾಲಿ ಹೋಗುತ್ತಿದ್ದ ಹಡಗು. ಗಾಳಿಯ ಒಂದು ಹೊಡೆತಕ್ಕೆ ಮಗುಚಿಕೊಂಡಿತ್ತು. ನೂರಮೂರು ವರ್ಷ ನೀರಿನಡಿ ಇದ್ದರೂ ಅದರ ಮರ ಕೊಳೆತಿರಲಿಲ್ಲ.

ಇದನ್ನು ಓದುವಾಗ ನನಗೆ ಮೊದಲು ಹೊಳೆದದ್ದು ನಮ್ಮ ಖಾಡಿ. ನಾನಿರುವ ಕೋಪರಿ ಠಾಣೆ ಸ್ಟೇಶನ್ನಿನ ಪೂರ್ವಕ್ಕಿದೆ. ಇನ್ನೂ ಸ್ವಲ್ಪ ಪೂರ್ವಕ್ಕೆ ನಡೆದರೆ ಕಾಂಡ್ಲಾ ಗಿಡಗಳು, ಕೆಸರು, ಚಳಿಗಾಲದಲ್ಲಿ ರಾಜಹಂಸಗಳು. ಈ ಖಾಡಿ ಎರಡು ಸಾವಿರ ವರ್ಷದ ಹಡಗುದಾರಿ. ಇಲ್ಲಿಂದ ಈಶಾನ್ಯಕ್ಕೆ, ಉಲ್ಹಾಸ್ ನದಿಯ ದಡದ ಕಲ್ಯಾಣದ ಹೆಸರು ಗ್ರೀಕ್ ನಾವಿಕನೊಬ್ಬ ಮೊದಲ ಶತಮಾನದಲ್ಲಿ ಬರೆದ ಪೆರಿಪ್ಲಸ್‌ನಲ್ಲಿ ‘ಕಲ್ಲಿಯೆನಾ’ ಎಂದು ಬರುತ್ತದೆ. ಕಾನ್ಹೇರಿ ಗುಹೆಗಳಿಗೆ ದಾನ ಕೊಟ್ಟವರ ಪಟ್ಟಿಯಲ್ಲಿ ಕಲ್ಯಾಣದ ವರ್ತಕರಿದ್ದಾರೆ. ಶಿವಾಜಿ ತನ್ನ ನೌಕಾಪಡೆಗೆ ಬುನಾದಿ ಹಾಕಿದ್ದೂ ಕಲ್ಯಾಣ–ಭಿವಂಡಿ ಕಡೆಯಲ್ಲೇ. ಅಂದಮೇಲೆ ಈ ನೀರಿನಲ್ಲಿ ಮುಳುಗಿದ ಹಡಗುಗಳಿಗೆ ಲೆಕ್ಕವಿರಬಾರದು. ಆದರೆ ಠಾಣೆಯ ಖಾಡಿಗೆ ಹಾಫ್‌ಮನ್ ಇಳಿದಿದ್ದರೂ ನಿಂತ ಹಡಗು ಯಾವುದೂ ಸಿಗುತ್ತಿರಲಿಲ್ಲ. ಕೆಸರಿನಲ್ಲಿ ತನ್ನ ಕೈಯೇ ತನಗೆ ಕಾಣದು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಉಪ್ಪುನೀರಿನ ಒಂದು ಹುಳು.

ಹುಳು ಎನ್ನುವುದು ರೂಢಿಯ ಮಾತು. ಟೆರೆಡೊ ಎಂಬ ಈ ಪ್ರಾಣಿ ಹುಳುವಲ್ಲ, ಮರುವಾಯಿಯ, ಅಂದರೆ ಕಪ್ಪೆಚಿಪ್ಪಿನ, ಬಳಗಕ್ಕೆ ಸೇರಿದ್ದು. ಚಿಪ್ಪು ಮೈ ಮುಚ್ಚುವ ಕೆಲಸ ಬಿಟ್ಟು ತಲೆಯ ತುದಿಯಲ್ಲಿ ಅರದಂತೆ ಕೂತಿದೆ. ಅದರಿಂದ ಮರವನ್ನು ಉಜ್ಜಿ ಉಜ್ಜಿ ಸುರಂಗ ಕೊರೆಯುತ್ತದೆ, ಕೊರೆದದ್ದನ್ನೇ ತಿನ್ನುತ್ತದೆ. ಹೊರಗಿನಿಂದ ನೋಡಿದರೆ ಹಲಗೆಯಲ್ಲಿ ಸೂಜಿಮೊನೆಯಷ್ಟು ತೂತು, ಒಳಗೆ ಜೇನುಗೂಡು. ಕರಾವಳಿಯ ದೋಣಿಗಳಿಗೆ ವರ್ಷ ವರ್ಷ ಎಣ್ಣೆ ಬಳಿಯುವುದು, ಯುರೋಪಿನ ಹಡಗುಗಳ ಹೊಟ್ಟೆಗೆ ತಾಮ್ರದ ತಗಡು ಹೊಡೆಯುತ್ತಿದ್ದದ್ದು, ಮುಂಬಯಿಯ ವಾಡಿಯಾ ಮನೆತನದವರು ತೇಗದಲ್ಲೇ ಹಡಗು ಕಟ್ಟಿದ್ದು, ಇವೆಲ್ಲದರ ಹಿಂದೆ ಈ ಒಂದು ಜೀವಿಯ ಭಯವಿದೆ. (ಆ ತೇಗದ ಹಡಗುಗಳಲ್ಲೊಂದು, 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’, ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.) ಟೆರೆಡೊಗೆ ಉಪ್ಪು ಬೇಕು. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಹಾಗಾಗಿ ಸಮುದ್ರದಲ್ಲಿ ಮುಳುಗಿದ ಮರದ ಹಡಗು ಕೆಲವು ದಶಕಗಳಲ್ಲಿ ಕರಗಿಹೋದರೆ, ಆಳದ ತಣ್ಣನೆಯ ಸರೋವರದಲ್ಲಿ ಮುಳುಗಿದ್ದು ಶತಮಾನಗಟ್ಟಲೆ ಉಳಿಯುತ್ತದೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಸರೋವರದ ಅಡಿ ಎಂದರೆ ವರ್ಷವಿಡೀ ಬಾಗಿಲು ತೆರೆಯದ ಫ್ರಿಜ್ಜು.

ಸಿಹಿನೀರಿನ ಹಡಗಿಗಾಗಿ ಮನುಷ್ಯ ಮುಳುಗಿದ ಕಥೆ ಹಾಫ್‌ಮನ್‌ಗಿಂತ ಬಹಳ ಹಳೆಯದು. ರೋಮಿನ ದಕ್ಷಿಣಕ್ಕೆ ನೇಮಿ ಎಂಬ ಪುಟ್ಟ ಸರೋವರವಿದೆ. ಅದರ ತಳದಲ್ಲಿ ಚಕ್ರವರ್ತಿ ಕಲಿಗುಲನ ಕಾಲದ ಎರಡು ಭಾರೀ ಹಡಗುಗಳಿವೆ ಎಂಬುದು ಸುತ್ತಲಿನ ಬೆಸ್ತರಿಗೆ ತಲೆಮಾರುಗಳಿಂದ ಗೊತ್ತಿತ್ತು. 1440ರ ದಶಕದಲ್ಲಿ ವಾಸ್ತುಶಿಲ್ಪಿ ಆಲ್ಬರ್ಟಿ ಜಿನೋವಾದಿಂದ ಈಜುಗಾರರನ್ನು ಕರೆಸಿ, ಕೊಕ್ಕೆ ಹಾಕಿ ಎಳೆಸಿದ. ಬಂದದ್ದು ಒಂದಷ್ಟು ತುಂಡುಗಳು. 1535ರಲ್ಲಿ ಫ್ರಾಂಚೆಸ್ಕೊ ದೆ ಮಾರ್ಕಿ ಎಂಬವನು ತಲೆಯಿಂದ ಸೊಂಟದವರೆಗೆ ಮುಚ್ಚುವ, ಕಣ್ಣಿನೆದುರು ಗಾಜು ಕೂರಿಸಿದ ಒಂದು ಸಾಧನ ತೊಟ್ಟು ತಾನೇ ಇಳಿದ, ಅನುಭವವನ್ನೂ ಬರೆದಿಟ್ಟ. ಆ ಬರಹದಲ್ಲಿ ಹಡಗಿನಷ್ಟೇ ಮೀನುಗಳೂ ನೆನಪಿನಲ್ಲಿ ಉಳಿಯುತ್ತವೆ. ಗಾಜಿನ ಮೂಲಕ ಅವು ದೊಡ್ಡದಾಗಿ ಕಂಡವು, ಚಡ್ಡಿಯಿಲ್ಲದೆ ಇಳಿದಿದ್ದರಿಂದ ಬರಿಮೈಗೆ ಬಂದು ಕಚ್ಚಿದವು. ನೀರಿನೊಳಗಿನ ಪುರಾತತ್ವ ಶುರುವಾದದ್ದು ಹೀಗೆ, ಮೀನು ಕಚ್ಚಿಸಿಕೊಂಡು.

ಕೊನೆಗೆ ಮುಸೊಲಿನಿ 1928ರಿಂದ 1932ರವರೆಗೆ ಪಂಪು ಹಾಕಿ ಸರೋವರದ ನೀರನ್ನೇ ಇಳಿಸಿದ. ಎಪ್ಪತ್ತು ಮೀಟರ್ ಆಸುಪಾಸಿನ ಎರಡು ಹಡಗುಗಳು ಹೊರಬಂದವು. ದಡದಲ್ಲೇ ಮ್ಯೂಸಿಯಂ ಕಟ್ಟಿದರು. 1944ರ ಮೇ 31ರ ರಾತ್ರಿ, ಯುದ್ಧದ ನಡುವೆ, ಮ್ಯೂಸಿಯಂಗೆ ಬೆಂಕಿ ಬಿದ್ದು ಎರಡೂ ಸುಟ್ಟು ಬೂದಿಯಾದವು. ಹತ್ತೊಂಬತ್ತು ಶತಮಾನ ನೀರು ಕಾಪಾಡಿದ್ದನ್ನು ನೆಲ ಹದಿನೈದು ವರ್ಷವೂ ಇಟ್ಟುಕೊಳ್ಳಲಿಲ್ಲ.

ಆ ಬೆಂಕಿಗೆ ಸುಮಾರು ಒಂದು ವರ್ಷ ಮೊದಲು, 1943ರಲ್ಲಿ, ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಬೇರೊಂದು ಕೆಲಸ ನಡೆದಿತ್ತು. ಪೆಟ್ರೋಲಿಗೆ ಬರ, ಕಾರುಗಳನ್ನು ಇದ್ದಿಲಿನ ಅನಿಲದಿಂದ ಓಡಿಸುವುದಕ್ಕೆ ಎಮೀಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಕವಾಟ ಮಾಡಿದ್ದರು. ಎಂಜಿನ್ ಎಷ್ಟು ಎಳೆದರೆ ಅಷ್ಟೇ ಅನಿಲ ಬಿಡುವ ಕವಾಟ ಅದು. ನೌಕಾಧಿಕಾರಿ ಜಾಕ್ ಕುಸ್ಟೋ ಅದೇ ತತ್ವದಲ್ಲಿ ಮನುಷ್ಯನಿಗೆ ಗಾಳಿ ಕೊಡಬಹುದಲ್ಲ ಎಂದು ಕೇಳಿದರು. ‘ಆಕ್ವಾ-ಲಂಗ್’ ಹುಟ್ಟಿತು. ಅದಕ್ಕೆ ಮುಂಚೆ ಮುಳುಗುಗಾರ ಎಂದರೆ ತಾಮ್ರದ ಶಿರಸ್ತ್ರಾಣ, ಸೀಸದ ಬೂಟು, ಮೇಲಿನ ದೋಣಿಯಿಂದ ಗಾಳಿ ತರುವ ಕೊಳವೆ. ಹೊಕ್ಕುಳಬಳ್ಳಿ ಕಡಿಯದ ಕೂಸು. ಹೊಸ ಸಾಧನ ಆ ಬಳ್ಳಿಯನ್ನು ಕಡಿಯಿತು. ಸಂಬಳದ ಮುಳುಗುಗಾರರಲ್ಲದೆ ವಾರಾಂತ್ಯದಲ್ಲಿ ಪುರುಸೊತ್ತಿದ್ದ ಮೆಕ್ಯಾನಿಕ್ಕು, ಮೇಷ್ಟ್ರು, ಅಂಗಡಿಯವನು ಕೂಡ ಸರೋವರದ ತಳ ನೋಡುವಂತಾಯಿತು.

ಈ ಮೊದಲ ತಲೆಮಾರಿನ ಸಲಕರಣೆಯ ಬಗ್ಗೆ ಸ್ವಲ್ಪ ವಿವರ ಹೇಳಲೇಬೇಕು, ಏಕೆಂದರೆ ಇವತ್ತಿಗೂ ಅದನ್ನೇ ತೊಟ್ಟು ಸಿಹಿನೀರಿನ ಹಡಗು ನೋಡಲು ಇಳಿಯುವ ಹುಚ್ಚರಿದ್ದಾರೆ. ಈಗಿನ ಸ್ಕೂಬಾದಲ್ಲಿ ಬಾಯಿಗೆ ಒಂದು ಸಣ್ಣ ಕೊಳವೆ ಬರುತ್ತದೆ, ಉಸಿರು ಬಿಟ್ಟರೆ ಗುಳ್ಳೆಗಳು ಮುಖದ ಮುಂದೆಯೇ ಏಳುತ್ತವೆ. ಹಳೆಯದರಲ್ಲಿ ಎರಡು ದಪ್ಪ, ಸುಕ್ಕುಸುಕ್ಕಾದ ರಬ್ಬರ್ ಕೊಳವೆಗಳು. ಒಂದು ಗಾಳಿ ತರುತ್ತದೆ, ಇನ್ನೊಂದು ಬಿಟ್ಟ ಉಸಿರನ್ನು ಕತ್ತಿನ ಹಿಂದಕ್ಕೆ ಒಯ್ಯುತ್ತದೆ. ರೆಗ್ಯುಲೇಟರ್ ಇರುವುದು ಬೆನ್ನಮೇಲೆ, ತಟ್ಟೆಯಗಲದ ಡಬ್ಬಿಯಂತೆ. ಗುಳ್ಳೆಗಳು ತಲೆಯ ಹಿಂದೆ ಏಳುವುದರಿಂದ ಕಣ್ಣೆದುರಿನ ನೀರು ಕದಡುವುದಿಲ್ಲ, ಸದ್ದೂ ಕಡಿಮೆ. ಫೋಟೋ ತೆಗೆಯುವವರು ಅದಕ್ಕಾಗಿಯೇ ಇದನ್ನು ಬಹುಕಾಲ ಬಿಡಲಿಲ್ಲ.

ಆದರೆ ಅದು ಒಗ್ಗುವುದು ಅಷ್ಟು ಸುಲಭವಲ್ಲ. ಬೋರಲಾಗಿ ಈಜುವಾಗ ರೆಗ್ಯುಲೇಟರ್ ಶ್ವಾಸಕೋಶಕ್ಕಿಂತ ಮೇಲಿರುತ್ತದೆ, ಅಲ್ಲಿ ನೀರಿನ ಒತ್ತಡ ಒಂದಿಷ್ಟು ಕಡಿಮೆ. ಆದ್ದರಿಂದ ಗಾಳಿಯನ್ನು ಎಳೆದು ತೆಗೆದುಕೊಳ್ಳಬೇಕು. ಅಂಗಾತ ತಿರುಗಿದರೆ ಕೇಳದೆಯೇ ಗಾಳಿ ನುಗ್ಗುತ್ತದೆ. ಕೊಳವೆಗೆ ನೀರು ಹೊಕ್ಕರೆ ಎಡಕ್ಕೆ ಹೊರಳಿ, ನೀರು ಆ ಬದಿಗೆ ಇಳಿಯುವಂತೆ ಮಾಡಿ, ಊದಿ ಹೊರಹಾಕಬೇಕು. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರು ಇರಲಿಲ್ಲ. ಉಸಿರು ಬಿಗಿಯಾಗತೊಡಗಿದರೆ ಬೆನ್ನ ಹಿಂದೆ ಕೈಹಾಕಿ ಒಂದು ಸರಳು ಎಳೆಯಬೇಕು. ಆಗ ಕೂಡಿಟ್ಟ ಕೊನೆಯ ಪಾಲು ಗಾಳಿ ಬರುತ್ತದೆ. ಆ ಸರಳು ಹಡಗಿನ ಯಾವುದಾದರೂ ಹಗ್ಗಕ್ಕೋ ಹಲಗೆಗೋ ತಗುಲಿ ಮೊದಲೇ ಎಳೆದುಕೊಂಡಿದ್ದರೆ? ಕೂಡಿಟ್ಟದ್ದು ಆಗಲೇ ಮುಗಿದಿರುತ್ತದೆ, ಅದು ತಿಳಿಯುವುದು ಬೇಕಾದಾಗಲೇ. ತೇಲುವಿಕೆಯನ್ನು ಹೊಂದಿಸುವ ಗಾಳಿಚೀಲದ ಕೋಟೂ ಇಲ್ಲ. ಸೊಂಟಕ್ಕೆ ಸೀಸ, ಎದೆಯಲ್ಲಿ ಉಸಿರು, ಅಷ್ಟೇ. ಸಿಹಿನೀರು ಸಮುದ್ರದ ನೀರಿಗಿಂತ ನೂರಕ್ಕೆ ಎರಡೂವರೆ ಪಾಲು ಹಗುರ. ಹಾಗಾಗಿ ಸಮುದ್ರದ ಲೆಕ್ಕದಲ್ಲಿ ಸೀಸ ಕಟ್ಟಿಕೊಂಡು ಸರೋವರಕ್ಕೆ ಇಳಿದವನು ಕಲ್ಲಿನಂತೆ ಹೋಗುತ್ತಾನೆ. ಇನ್ನು 110 ಅಡಿಯಲ್ಲಿ ಮೇಲಿನದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಗಾಳಿ ಖರ್ಚಾಗುತ್ತದೆ. ಆಗಿನ ಅಮೆರಿಕನ್ ನೌಕಾಪಡೆಯ ಕೋಷ್ಟಕದ ಪ್ರಕಾರ ಆ ಆಳದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಇದ್ದರೆ ಏರುವಾಗ ನಡುವೆ ನಿಂತು ನಿಂತು ಬರಬೇಕು, ಇಲ್ಲವಾದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳೇಳುತ್ತವೆ.

ಇಪ್ಪತ್ತಿಪ್ಪತ್ತು ನಿಮಿಷದ ಇಂಥ ಮುಳುಗುಗಳನ್ನು ಜೋಡಿಸಿಕೊಂಡೇ ಹಾಫ್‌ಮನ್ ಮತ್ತು ಸಂಗಡಿಗರು ಆಲ್ವಿನ್ ಕ್ಲಾರ್ಕ್‌ನ ಹೊಟ್ಟೆಯಲ್ಲಿದ್ದ ಹೂಳು ತೆಗೆದರು, ಅಡಿಯಲ್ಲಿ ನೀರು ಚಿಮ್ಮಿಸಿ ಸುರಂಗ ಕೊರೆದು ಉಕ್ಕಿನ ಹಗ್ಗ ತೂರಿಸಿದರು. 1969ರ ಜುಲೈನಲ್ಲಿ ಹಡಗು ಮೇಲೆ ಬಂತು. ಒಳಗಿನ ನೀರು ತೆಗೆದಾಗ ಅದು ತನ್ನ ಮೈಮೇಲೆ ತಾನೇ ತೇಲಿತು, ಮುಳುಗಿದ 105 ವರ್ಷಗಳ ನಂತರ. ಮಿಶಿಗನ್ನಿನ ಮೆನಾಮಿನಿ ಎಂಬ ಊರಿನಲ್ಲಿ ಅದನ್ನು ‘ಮಿಸ್ಟರಿ ಶಿಪ್’ ಎಂದು ಟಿಕೆಟ್ ಇಟ್ಟು ತೋರಿಸತೊಡಗಿದರು.

ಮರ ಹಾಳಾಗಲು ಶುರುವಾದದ್ದು ಆಗ. ನೀರಿನಡಿ ಚೆನ್ನಾಗಿದ್ದಂತೆ ಕಾಣುವ ಮರ ನಿಜಕ್ಕೂ ಮೊದಲಿನ ಮರವಲ್ಲ. ಬ್ಯಾಕ್ಟೀರಿಯಾಗಳು ಒಳಗಿನ ಸೆಲ್ಯುಲೋಸನ್ನು ನಿಧಾನಕ್ಕೆ ತಿಂದಿರುತ್ತವೆ, ಖಾಲಿಯಾದ ಜಾಗದಲ್ಲಿ ನೀರು ಕೂತು ಆಕಾರವನ್ನು ಹಿಡಿದಿಟ್ಟಿರುತ್ತದೆ. ಆ ನೀರು ಆರಿದರೆ ಕೋಶಗಳು ಕುಸಿಯುತ್ತವೆ. ಹಲಗೆ ಬಿರಿಯುತ್ತದೆ, ಸೊಟ್ಟಗಾಗುತ್ತದೆ, ಪುಡಿಯಾಗುತ್ತದೆ. ಇದು ಆಗ ಯಾರಿಗೂ ಗೊತ್ತಿರದ ಸಂಗತಿಯೇನಲ್ಲ. ಸ್ವೀಡನ್ನಿನವರು 1628ರಲ್ಲಿ ಮುಳುಗಿದ್ದ ‘ವಾಸಾ’ ಹಡಗನ್ನು 1961ರಲ್ಲೇ ಮೇಲೆತ್ತಿದ್ದರು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ, ಟೆರೆಡೊ ಇಲ್ಲ. ಹಾಗಾಗಿ ಆ ಹಡಗು ಉಳಿದಿತ್ತು. ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರವವನ್ನು ಹದಿನೇಳು ವರ್ಷ ಸತತವಾಗಿ ಸಿಂಪಡಿಸಿದರು. ಹಿಂದೆ ಒಂದು ಸರ್ಕಾರವಿತ್ತು. ಆಲ್ವಿನ್ ಕ್ಲಾರ್ಕ್‌ನ ಹಿಂದೆ ಟಿಕೆಟ್ ದುಡ್ಡು ಮತ್ತು ಹಾಫ್‌ಮನ್‌ರ ಹಟ ಇದ್ದವು. ಸಂರಕ್ಷಣೆಗೆ ಹಣ ಒದಗಲಿಲ್ಲ. ಕೊನೆಗೆ ಹಡಗನ್ನು ಮಾರಿದರು. 1994ರಲ್ಲಿ ಅದನ್ನು ಒಡೆದು ತೆಗೆದು ಹಾಕಲಾಯಿತು. ನೀರಿನಡಿ 105 ವರ್ಷ, ನೀರಿನ ಮೇಲೆ 25.

ಹಾಫ್‌ಮನ್‌ರನ್ನು ಖಳನಾಯಕ ಮಾಡುವುದು ಸುಲಭ, ನನಗೆ ಅದು ಒಪ್ಪಿಗೆಯಿಲ್ಲ. ಆ ಕಾಲದಲ್ಲಿ ಹಡಗು ಸಿಕ್ಕಿದ ಉಳಿದವರು ಏನು ಮಾಡುತ್ತಿದ್ದರು ಎಂದು ನೋಡಬೇಕು. ಚಕ್ರ, ಗಂಟೆ, ಲಾಟೀನು, ತಟ್ಟೆ ಎಲ್ಲವನ್ನೂ ಕಿತ್ತು ಮನೆಯ ಗ್ಯಾರೇಜಿಗೆ ಸಾಗಿಸುತ್ತಿದ್ದರು. ಹಾಫ್‌ಮನ್ ಇಡೀ ಹಡಗನ್ನು ಜನರಿಗೆ ತೋರಿಸಲು ಹೊರಟವರು. ಅಮೆರಿಕದ ಸಂಸತ್ತು ಮುಳುಗಿದ ಹಡಗುಗಳ ಒಡೆತನವನ್ನು ರಾಜ್ಯಗಳಿಗೆ ವಹಿಸುವ ಕಾನೂನು ಮಾಡಿದ್ದು 1980ರ ದಶಕದ ಕೊನೆಗೆ. ಈಗ ಮಹಾಸರೋವರಗಳ ಮುಳುಗುಗಾರರಲ್ಲಿ ನೋಡು, ಮುಟ್ಟಬೇಡ ಎಂಬುದೇ ರೂಢಿ. ಆದರೆ ಅದೇ ದಶಕದ ಕೊನೆಗೆ ಇನ್ನೊಂದೂ ಬಂತು. ಸರಕು ಹಡಗುಗಳ ತಳದಲ್ಲಿ ತುಂಬಿ ತಂದ ನೀರಿನ ಜತೆ ಯುರೋಪಿನಿಂದ ಝೀಬ್ರಾ ಮಸೆಲ್ ಎಂಬ ಬೆರಳುಗುರಿನಷ್ಟು ದೊಡ್ಡ ಚಿಪ್ಪುಜೀವಿ ಮಹಾಸರೋವರಗಳಿಗೆ ಸೇರಿತು. ಅದು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿತು, ಹಡಗುಗಳು ಹಿಂದೆಂದಿಗಿಂತ ಚೆನ್ನಾಗಿ ಕಂಡವು. ಜತೆಗೇ ಅವುಗಳ ಮೇಲೆ ಗಟ್ಟಿ ಪದರವಾಗಿ ಬೆಳೆದು ಮರವನ್ನೂ ಮೊಳೆಯನ್ನೂ ಹಾಳುಮಾಡುತ್ತಿದೆ. ಸಿಹಿನೀರಿಗೂ ಕೊನೆಗೊಂದು ಚಿಪ್ಪು ಬಂದೇಬಿಟ್ಟಿತು.

ಇನ್ನು ನಮ್ಮ ಕಡೆಗೆ ಬರೋಣ. ಭಾರತದಲ್ಲಿ ಸ್ಕೂಬಾ ತೊಟ್ಟು ಚರಿತ್ರೆ ಹುಡುಕುವ ಕೆಲಸಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರು: ಎಸ್. ಆರ್. ರಾವ್, ಅಂದರೆ ಶಿಕಾರಿಪುರ ರಂಗನಾಥ ರಾವ್. ಲೋಥಲ್ ಅಗೆದವರು. 1980ರ ದಶಕದ ಆರಂಭದಲ್ಲಿ, ಅರವತ್ತರ ಹೊಸ್ತಿಲಲ್ಲಿ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ ಸಮುದ್ರ ಪುರಾತತ್ವದ ಕೇಂದ್ರ ಕಟ್ಟಿ ದ್ವಾರಕೆಯ ಕಡಲಿಗೆ ತಂಡವನ್ನು ಇಳಿಸಿದರು. ದ್ವಾರಕೆಯ ಕಾಲನಿರ್ಣಯದ ಜಗಳ ಇಲ್ಲಿ ಬೇಡ. ಅಲ್ಲಿ ಹೇರಳವಾಗಿ ಸಿಕ್ಕಿದ್ದು ಕಲ್ಲಿನ ಲಂಗರುಗಳು, ಮೂರು ತೂತಿನ ತ್ರಿಕೋನಗಳು. ಹಡಗುಗಳನ್ನು ಟೆರೆಡೊ ತಿಂದಿತ್ತು, ಲಂಗರು ತಿನ್ನಲಾಗಲಿಲ್ಲ.

ಅದೇ ಗೋವಾ ಸಂಸ್ಥೆಯ ಮುಳುಗುಗಾರರು ಗೋವಾದ ಸಂಚಿ ದಿಬ್ಬದಲ್ಲಿ ಹದಿನೇಳನೇ ಶತಮಾನದ ಪೋರ್ಚುಗೀಸ್ ಹಡಗಿನ ಫಿರಂಗಿ, ಆನೆದಂತ, ನೀರಾನೆಯ ಹಲ್ಲು, ಚೀನೀ ಪಿಂಗಾಣಿ ಕಂಡರು. ನನಗೆ ಅದಕ್ಕಿಂತ ಹತ್ತಿರವಾದದ್ದು ಸೇಂಟ್ ಜಾರ್ಜ್ ದಿಬ್ಬದ ಹಡಗು. ಅಲ್ಲಿ ಚಿನ್ನವಿಲ್ಲ, ದಂತವಿಲ್ಲ. ತಳದಲ್ಲಿ ಹರಡಿದ್ದದ್ದು ಸುಟ್ಟ ಮಣ್ಣಿನ ಕಂಬದ ತುಂಡುಗಳು, ಹೂಬಳ್ಳಿಯ ಕೆತ್ತನೆಯ ಕಂಬದ ತಲೆಗಳು, ಚಿಮಣಿಯ ಇಟ್ಟಿಗೆಗಳು, ಮಾಡಿನ ನೆತ್ತಿಗೆ ಹೊದಿಸುವ ಹೆಂಚುಗಳು. ಹೆಂಚಿನ ಮೇಲೆ ‘ಬಾಸೆಲ್ ಮಿಶನ್ ಟೈಲ್ ವರ್ಕ್ಸ್ 1865’ ಎಂಬ ಅಚ್ಚು. ಕರಾವಳಿಯಲ್ಲೋ ಮಲೆನಾಡಿನಲ್ಲೋ ಹಳೆ ಮನೆ ಇದ್ದವರು ಈ ಅಚ್ಚನ್ನು ಮಳೆಗಾಲಕ್ಕೆ ಮುಂಚೆ ಮಾಡು ಕೈಯಾಡಿಸುವಾಗ ನೋಡಿರುತ್ತೀರಿ. 1865 ಎಂಬುದು ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಾಗಾಗಿ ಹಡಗು ಮುಳುಗಿದ್ದು ಅದಾದಮೇಲೆ, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಎಂದು ಲೆಕ್ಕ. ಅದೇ ಬಾಸೆಲ್ ಮಿಶನ್ನಿನ ಅಚ್ಚುಕೂಟದಿಂದ 1894ರಲ್ಲಿ ಕಿಟ್ಟೆಲ್ ನಿಘಂಟು ಹೊರಬಂತು. ಅನುವಾದದ ಕೆಲಸದಲ್ಲಿ ದಿನಕ್ಕೆ ನಾಲ್ಕು ಸಲ ಅದನ್ನು ತೆರೆಯುವ ನನಗೆ, ಆ ದಿಬ್ಬದ ತಳದಲ್ಲಿ ಬಿದ್ದ ಹೆಂಚುಗಳು ನೆಂಟರ ಮನೆಯ ಸಾಮಾನಿನಂತೆ ಕಾಣುತ್ತವೆ.

ಆಲ್ವಿನ್ ಕ್ಲಾರ್ಕ್ ಮುಳುಗಿದ ಮರುವರ್ಷವೇ ಮಂಗಳೂರಿನ ಕಾರ್ಖಾನೆಯ ಒಲೆ ಹತ್ತಿದ್ದು. ಅಲ್ಲಿ ಖಾಲಿ ಹೋಗುತ್ತಿದ್ದ ಹಡಗಿನ ಮರ ಉಳಿಯಿತು. ಇಲ್ಲಿ ಸರಕು ಉಳಿದು ಮರ ಹೋಯಿತು. ಹಡಗಿನ ಹೆಸರೂ ಹೋಯಿತು.

ಹಾಗಾದರೆ ಕರ್ನಾಟಕದ ಸಿಹಿನೀರಿನಲ್ಲಿ ಮುಳುಗಿದ ಹಡಗುಗಳಿಲ್ಲವೇ? ಒಳನಾಡಿನ ನಮ್ಮ ಹೊಳೆಗಳು ಹಡಗಿನವಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಡೊಮಿಂಗೊ ಪಾಯಸ್ ತುಂಗಭದ್ರೆ ದಾಟುವವರ ದೋಣಿಗಳು ಬುಟ್ಟಿಯಂತೆ ಗುಂಡಗಿದ್ದವು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರು ಎಂದು ಬರೆದಿದ್ದಾನೆ. ಅದೇ ಹರಿಗೋಲು. ಬಿದಿರು, ತೊಗಲಿನ ಹರಿಗೋಲು ಮುಳುಗಿದರೆ ಒಂದೆರಡು ಮಳೆಗಾಲದಲ್ಲಿ ಏನೂ ಉಳಿಯದು. ಮುಳುಗಿದವರ ನೆನಪು ಅಂಬಿಗರ ಮನೆಯಲ್ಲಿರುತ್ತದೆ, ನೀರಿನಲ್ಲಿ ಅಲ್ಲ.

ಭಾಷೆಯಲ್ಲೂ ಇದರ ಗುರುತು ಇದೆ. ಇಂಗ್ಲಿಷಿನ ‘ರೆಕ್’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಒಂದು ಒಳ್ಳೆಯ ಪದವಿಲ್ಲ. ‘ಮುಳುಗಿದ ಹಡಗಿನ ಅವಶೇಷ’ ಎಂದು ಮೂರು ಪದ ಖರ್ಚು ಮಾಡಬೇಕು. ಆದರೆ ‘ಮುಳುಗು’ ನಮ್ಮಲ್ಲಿ ಸಿರಿವಂತ ಪದ. ಸೂರ್ಯ ಮುಳುಗುತ್ತಾನೆ, ಸಾಲದಲ್ಲಿ ಮುಳುಗುತ್ತಾರೆ, ಮನೆ ಮುಳುಗಿಸುತ್ತಾರೆ. ತಾನಾಗಿ ಇಳಿದು ಬರುವವನಿಗೂ, ಇಳಿದು ಬಾರದವನಿಗೂ ಅದೇ ಕ್ರಿಯಾಪದ. ಪತ್ರಿಕೆಗಳು ಈ ಗೊಂದಲ ತಪ್ಪಿಸಲು ‘ಮುಳುಗು ತಜ್ಞ’ ಎಂಬ ಪದ ಹುಟ್ಟಿಸಿಕೊಂಡಿವೆ. 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ನದಿಯ ಕೆಂಪು ಪ್ರವಾಹಕ್ಕೆ ನೌಕಾಪಡೆಯವರ ಜತೆ ಮಲ್ಪೆಯ ಈಶ್ವರ್ ಅವರೂ ಇಳಿದರಲ್ಲ, ಆಗ ಈ ಪದ ಮನೆಮಾತಾಯಿತು. ಅಲ್ಲಿ ಹುಡುಕುತ್ತಿದ್ದದ್ದು ಒಂದು ಲಾರಿಯನ್ನು, ಅದರ ಚಾಲಕನನ್ನು. ಮಳೆ ಇಳಿದು, ಗೋವಾದಿಂದ ಡ್ರೆಜ್ಜರ್ ಬಂದು, ಸೆಪ್ಟೆಂಬರ್ ಕೊನೆಗೆ ಲಾರಿ ಮೇಲೆ ಬಂತು. ನಮ್ಮ ಹೊಳೆಗಳಲ್ಲಿ ಮುಳುಗುವವರು ಚರಿತ್ರೆಗಾಗಿ ಮುಳುಗುವುದಿಲ್ಲ. ಯಾರದೋ ಮನೆಯವರು ದಡದಲ್ಲಿ ಕಾಯುತ್ತಿರುತ್ತಾರೆ.

ಇನ್ನೊಂದು ಪದ ‘ಮುಳುಗಡೆ’. ಶರಾವತಿ ಸೀಮೆಯವರಿಗೆ ಅದನ್ನು ವಿವರಿಸಬೇಕಿಲ್ಲ, ನಾ. ಡಿಸೋಜ ಅದೇ ಹೆಸರಿನಲ್ಲಿ ಕಾದಂಬರಿ ಬರೆದರು. ಕರ್ನಾಟಕದ ಸಿಹಿನೀರಿನಡಿ ಇರುವುದು ಹಡಗಲ್ಲ, ಊರು. ಗದ್ದೆಯ ಬದು, ಬಾವಿ, ದೇವಸ್ಥಾನದ ಮೆಟ್ಟಿಲು, ಒಂದು ಇಡೀ ಅಣೆಕಟ್ಟು ಕೂಡ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನು 1940ರ ದಶಕದಲ್ಲಿ ಕಟ್ಟಿ ಮುಗಿಸಿದರು. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಅದು ಹೊಸ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರಿಳಿದು ಎದ್ದು ನಿಲ್ಲುತ್ತದೆ, ಜನ ಹೋಗಿ ಅದರ ಮೇಲೆ ನಡೆದಾಡಿ ಬರುತ್ತಾರೆ. ಕಟ್ಟಡ ಇನ್ನೂ ಗಟ್ಟಿಯಿದೆ. ಅದನ್ನು ನೋಡಲು ಎರಡು ಕೊಳವೆಯ ರೆಗ್ಯುಲೇಟರ್ ಬೇಕಿಲ್ಲ, ಒಂದು ಬರಗಾಲ ಸಾಕು.

ಆ ಹಿನ್ನೀರಿನ ಮೇಲೆ ಹಡಗು ಎನ್ನಬಹುದಾದದ್ದು ಓಡಾಡಿದ್ದೂ ಉಂಟು. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಬಸ್ಸು, ಜೀಪು, ಬೈಕು, ಸಿಗಂದೂರಿನ ಭಕ್ತರು, ಆಸ್ಪತ್ರೆಗೆ ಹೊರಟ ಬಾಣಂತಿ ಎಲ್ಲರನ್ನೂ ದಶಕಗಳ ಕಾಲ ದಾಟಿಸಿದ ಲಾಂಚುಗಳವು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿ ದಡದಲ್ಲೇ. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. ದ್ವೀಪದವರು ಅದಕ್ಕಾಗಿ ಕಾದ ಕಾಲ ಸಣ್ಣದಲ್ಲ, ಅವರ ಸಂತೋಷಕ್ಕೆ ಎರಡು ಮಾತಿಲ್ಲ. ನಿಮ್ಮಲ್ಲಿ ಯಾರಾದರೂ ಆ ಲಾಂಚುಗಳಲ್ಲಿ ಕೆಲಸ ಮಾಡಿದವರು, ಅಥವಾ ಮಾಡಿದವರ ಮನೆಯವರು ಇದ್ದರೆ ಈ ಮೇಲ್‌ಗೆ ಉತ್ತರ ಬರೆಯಿರಿ. ಎಂಜಿನ್ ಯಾವುದಿತ್ತು, ಗಾಳಿ ಎದ್ದ ದಿನ ಎತ್ತ ತಿರುಗಿಸುತ್ತಿದ್ದರು, ಕೆಳಗೆ ಯಾವ ಊರಿನ ಮೇಲೆ ಹೋಗುತ್ತಿದ್ದೇವೆ ಎಂದು ಹೇಗೆ ಗುರುತಿಸುತ್ತಿದ್ದರು, ಇದಿಷ್ಟನ್ನೂ ಕೇಳಿ ಬರೆದುಕೊಳ್ಳಬೇಕೆಂದಿದ್ದೇನೆ.